ನೀಲಿಯಾದ ಹೆಸರು

ನಮ್ಮ ಆಫೀಸಿನಲ್ಲಿ ಯಾರನ್ನೂ ಬೈದು ಕಳಿಸುವುದಿಲ್ಲ, ಹೊಗಳಿಯೇ ಕಳಿಸುತ್ತಾರೆ. ಇದು ನನಗೆ ಅರ್ಥವಾಗುವಷ್ಟರಲ್ಲಿ ಪಕ್ಕದ ಮೇಜು ಖಾಲಿಯಾಗಿತ್ತು.

ತಮಿಳು ಸೀಮೆಯ ಶೋಳಿಂಗನಲ್ಲೂರಿನಲ್ಲಿ ಕೂತು ಹೊರದೇಶದ ಆಸ್ಪತ್ರೆಗಳ ಬಿಲ್ಲು ಪರೀಕ್ಷಿಸುವುದು ನಮ್ಮ ಕೆಲಸ. ಮಾತುಕತೆಯೆಲ್ಲ ಕಂಪ್ಯೂಟರಿನ ಚಾಟ್ ಗುಂಪಿನಲ್ಲೇ. ಅಲ್ಲಿ ಯಾರನ್ನಾದರೂ ಟ್ಯಾಗ್ ಮಾಡಿದರೆ ಅವರ ಹೆಸರು ನೀಲಿಯಾಗುತ್ತದೆ, ಫೋನು ಟಿಣ್ ಎನ್ನುತ್ತದೆ. ಶುಕ್ರವಾರ ಮಧ್ಯಾಹ್ನ ಮ್ಯಾನೇಜರು ಎಲ್ಲರೂ ಇರುವ ಗುಂಪಿನಲ್ಲಿ ಒಬ್ಬರನ್ನು ಟ್ಯಾಗ್ ಮಾಡಿ, ಅವರು ತಮ್ಮ ಕೆಲಸವನ್ನೆಲ್ಲ ಹೊಸಬರಿಗೆ ಕಲಿಸಿಕೊಟ್ಟದ್ದಕ್ಕೆ ಧನ್ಯವಾದ ಹೇಳುತ್ತಿದ್ದರು. ನಾವು ಚಪ್ಪಾಳೆಯ ಚಿತ್ರ ಒತ್ತುತ್ತಿದ್ದೆವು. ಪಕ್ಕದ ಮೇಜಿನ ಗೆಳತಿ ಹೀಗೆ ಹೊಗಳಿಸಿಕೊಂಡ ದಿನ ಖುಷಿಯಿಂದ ಎಲ್ಲರಿಗೂ ಬಜ್ಜಿ ತರಿಸಿದ್ದಳು. ಸೋಮವಾರ ಅವಳಿಗೆ ಇನ್ನು ಕೆಲಸಕ್ಕೆ ಬರಬೇಡ ಎಂದರು. ಆಮೇಲೆ ಹಿಂದಿನ ಸಾಲಿನ ಹಿರಿಯರೊಬ್ಬರು ಹೋದರು, ಅವರಿಗೂ ಹಾಗೇ ಹೊಗಳಿಕೆ ಬಂದಿತ್ತು. ಕಡಿಯುವ ಕುರಿಗೆ ಹಾರ ಹಾಕಿದ ಹಾಗೆ.

ಅಲ್ಲಿಂದ ನಮ್ಮ ನಡತೆಯೇ ಬದಲಾಯಿತು. ಕೆಲಸ ಮುಗಿಸಿದವರು ಮುಗಿಸಿದೆವೆಂದು ಹೇಳುವುದನ್ನೇ ಬಿಟ್ಟರು. 'ಎನ್ ಪೇರ್ ಮಟ್ಟುಂ ಪೋಡಾದೀಂಗ,' ನನ್ನ ಹೆಸರೊಂದನ್ನು ಹಾಕಬೇಡಿ, ಎಂದು ಗಟ್ಟಿ ಆಳುಗಳೂ ಕೈಮುಗಿಯುತ್ತಿದ್ದರು.

ನನಗಂತೂ ಆ ಕೆಲಸ ಬೇಕೇ ಬೇಕಿತ್ತು. ಕೀಲ್ಪಾಕಿನ ಆಸ್ಪತ್ರೆಯಲ್ಲಿ ಅಮ್ಮನ ಡಯಾಲಿಸಿಸ್ ನಡೆಯುತ್ತಿದ್ದದ್ದು ಆಫೀಸಿನ ವಿಮೆಯಲ್ಲಿ. ಕೆಲಸ ಹೋದರೆ ವಿಮೆಯೂ ಹೋಗುತ್ತದೆ. ಇದನ್ನು ಅಮ್ಮನಿಗೆ ನಾನು ಹೇಳಿರಲಿಲ್ಲ.

ಒಂದು ದಿನ ಹೊಸಬಳೊಬ್ಬಳನ್ನು ತಂದು ನನ್ನ ಪಕ್ಕ ಕೂರಿಸಿದರು. ನನ್ನ ಕೆಲಸವನ್ನು ಅವಳಿಗೆ ಕಲಿಸಬೇಕಂತೆ. ಉಡುಪಿ ಕಡೆಯ ಹೋಟೆಲಿನವರ ಮಗಳು, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು. ಕಲಿಸದಿದ್ದರೆ ಈಗಲೇ ಹೋಗಬೇಕು, ಕಲಿಸಿದರೆ ಆಮೇಲೆ. ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಆದಷ್ಟು ಎಳೆದು ಎಳೆದು ಕಲಿಸಿದೆ. ಹುಡುಗಿ ಮಹಾ ಜಾಣೆ, ಅದು ನನ್ನ ಗ್ರಹಚಾರ. ನನ್ನ ಡಬ್ಬಿಯಲ್ಲೇ ಕೈಹಾಕಿ ಉಣ್ಣುತ್ತ ಅಕ್ಕಾ ಅಕ್ಕಾ ಎನ್ನುವವಳ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

'ಒಂದೇ ಒಂದು ಕೇಳ್ಕೋತೀನಿ, ಗ್ರೂಪಲ್ಲಿ ನನ್ನ ಹೆಸರು ಹಾಕಬೇಡಮ್ಮಾ' ಎಂದೆ.

'ಎನ್ನಕ್ಕಾ, ಇವ್ವಳವು ಕೂಚ್ಚಮಾ?' ಇಷ್ಟು ನಾಚಿಕೆಯೇ ಎಂದು ನಕ್ಕಳು. ಬೇಡ ಬೇಡ ಎಂದವರ ಎಲೆಗೆ ಇನ್ನೊಂದು ಸೌಟು ಬಡಿಸುವ ಮನೆಯವಳು ಅವಳು. ನನಗೆ ಆಗಲೇ ಹೊಳೆಯಬೇಕಿತ್ತು.

ಆ ಶುಕ್ರವಾರ ರಜೆ ಹಾಕಿ ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ದೆ. ಫೋನು ಟಿಣ್ ಎಂದಿತು. ಎಲ್ಲರ ಗುಂಪಿನಲ್ಲಿ ನನ್ನ ಹೆಸರು ನೀಲಿಯಾಗಿತ್ತು. ಅಕ್ಕ ನನಗೆ ಎಲ್ಲವನ್ನೂ ಕಲಿಸಿದ್ದಾರೆ, ಅವರ ಕೆಲಸವನ್ನು ಈಗ ನಾನೊಬ್ಬಳೇ ಮಾಡಬಲ್ಲೆ ಎಂದು ಆ ಹುಡುಗಿ ಬರೆದಿದ್ದಳು, ಕೊನೆಗೊಂದು ಹೃದಯದ ಚಿತ್ರ. ಅದರ ಕೆಳಗೆ ಒಂದೇ ಒಂದು ಚಪ್ಪಾಳೆ ಬಿದ್ದಿತ್ತು. ಒತ್ತಿದವರು ಮ್ಯಾನೇಜರು. ಉಳಿದ ಯಾರೂ ಒತ್ತಿರಲಿಲ್ಲ.

'ಏನೇ ಅದು, ಮೊಗ ಹಾಗೆ ವಾಡಿ ಹೋಯ್ತು?' ಅಮ್ಮ ಮಲಗಿದಲ್ಲಿಂದಲೇ ಕೇಳಿದಳು.

'ಏನಿಲ್ಲಮ್ಮಾ. ಆಫೀಸಲ್ಲಿ ನನ್ನ ಹೊಗಳಿದಾರೆ.'

'ಎಲ್ಲಾರ ಮುಂದೆಯಾ? ಐಯೋ, ಕಣ್ಣು ಬೀಳತ್ತೆ ಕಣೇ. ಇದು ಮುಗೀಲಿ ಇರು, ಮನೆಗೆ ಹೋದ ಒಡನೇ ಉಪ್ಪು ಮೆಣಸಿನಕಾಯಿ ಸುತ್ತಿ ಹಾಕ್ತೀನಿ' ಎಂದಳು. ಅವಳ ತೋಳಿನ ಕೊಳವೆಯಲ್ಲಿ ರಕ್ತ ಯಂತ್ರಕ್ಕೆ ಹೋಗಿ ಬರುತ್ತಿತ್ತು.