ಎರಡನೇ ಸಂಪುಟದ ನೀಲಿ

ಬಣ್ಣದ ಅಂಗಡಿಗೆ ಬಂದವರಿಗೆ ಬಣ್ಣದಕ್ಕ ಮೊದಲು ಹೇಳುವ ಮಾತು ಒಂದೇ: "ಬಣ್ಣಾನ ತಲೇಲಿಟ್ಕೊಂಡು ಬರಬೇಡಿ, ಕೈಯಲ್ಲಿ ಹಿಡ್ಕೊಂಡು ಬನ್ನಿ."

ಗೋಡೆಯಿಂದ ಕಿತ್ತ ಚಕ್ಕೆ, ಪರದೆಯ ತುಂಡು, ಹಳೆಯ ಬಾಗಿಲಿನ ಸಿಪ್ಪೆ, ಏನಾದರೂ ಸರಿ. "ಹಸಿರೂ ಅಂದ್ರೆ ಹಸಿರಲ್ಲ, ಸ್ವಲ್ಪ ಎಲೆ ಥರ" ಎಂದು ಗಾಳಿಯಲ್ಲಿ ಕೈಯಾಡಿಸುವವರಿಗೆ ಅವರು ಸೊಪ್ಪು ಹಾಕುವುದಿಲ್ಲ. ಮಾದರಿ ತಂದವರಿಗೆ ಬಿಳಿ ಬಣ್ಣದ ಡಬ್ಬ ತೆರೆದು, ಹನಿಹನಿಯಾಗಿ ಬೇರೆ ಬಣ್ಣ ಬಿಟ್ಟು, ಕಡ್ಡಿಯಲ್ಲಿ ತಿರುವಿ, ಕಾಗದದ ಚೂರಿಗೆ ಬಳಿದು ಒಣಗಿಸಿ ಮಾದರಿಯ ಪಕ್ಕಕ್ಕಿಟ್ಟು ತೋರಿಸುತ್ತಾರೆ. ಎರಡರ ನಡುವಿನ ಗೆರೆ ಕಾಣದಿದ್ದರೆ ಕೆಲಸ ಮುಗಿಯಿತು. ಅಂಗಡಿಗೆ ಬಣ್ಣ ಬೆರೆಸುವ ಯಂತ್ರ ಬಂದು ವರ್ಷಗಳಾದವು. ಯಂತ್ರ ಕೈಚೆಲ್ಲಿದ ಬಣ್ಣಗಳೆಲ್ಲ ಈಗಲೂ ಅವರ ಮೇಜಿಗೇ ಬರುತ್ತವೆ. ಮಾಲೀಕರಿಂದ ಹಿಡಿದು ಡಬ್ಬ ಹೊರುವವರವರೆಗೆ ಎಲ್ಲರಿಗೂ ಅವರು ಬಣ್ಣದಕ್ಕ.

ಬಣ್ಣದಕ್ಕನ ಮನೆಯಲ್ಲಿ ಅಡುಗೆಮನೆಗೂ ಮಲಗುವ ಕೋಣೆಗೂ ನಡುವೆ ಓಣಿಯಂಥ ಜಾಗವೊಂದಿದೆ. ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕು, ಅಷ್ಟು ಕಿರಿದು. ಅದರ ಒಂದು ಗೋಡೆಯ ತುಂಬ, ನೆಲದಿಂದ ಸೂರಿನವರೆಗೆ, ಮೀನಿನ ಪುಸ್ತಕಗಳು. ಗೂಡುಗಳನ್ನು ಕೂಡಿಸಿದವರು ಅವರ ಯಜಮಾನರು. ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್ ಆದ ಅವರು ಹಳೆಯ ಲಿಫ್ಟೊಂದನ್ನು ಬಿಚ್ಚಿದಾಗ ಸಿಕ್ಕ ಉಕ್ಕಿನ ತಗಡುಗಳನ್ನೇ ಹಲಗೆ ಮಾಡಿದ್ದಾರೆ. ಪುಸ್ತಕಗಳನ್ನು ನೀರಿನ ಆಳಕ್ಕೆ ತಕ್ಕಂತೆ ಜೋಡಿಸಲಾಗಿದೆ. ಎಲ್ಲಕ್ಕಿಂತ ಮೇಲೆ ಬೆಟ್ಟದ ತೊರೆಗಳ ಮೀನು, ಅದರ ಕೆಳಗೆ ಹೊಳೆ ಮತ್ತು ಕೆರೆ, ಸೊಂಟದ ಎತ್ತರದಲ್ಲಿ ಕಡಲತೀರ ಮತ್ತು ಹವಳದ ದಿಬ್ಬ, ನೆಲಕ್ಕೆ ತಾಗಿದಂತೆ ಬೆಳಕೇ ತಲುಪದ ಆಳಸಮುದ್ರ.

"ಒಂದು ಪುಸ್ತಕ ತಂದ್ಕೊಡ್ರೀ" ಎಂದರೆ ಯಜಮಾನರು ಕೇಳುವುದು, "ಯಾವ ಮಹಡಿ?"

"ಆಳಸಮುದ್ರ."

"ಮಂಡಿ ಕೆಟ್ಟಿದೆ. ಈ ಲಿಫ್ಟ್ ಅಲ್ಲೀತನಕ ಇಳಿಯಲ್ಲ."

ಮೀನಲ್ಲದ್ದಕ್ಕೆ ಆ ಗೋಡೆಯಲ್ಲಿ ಜಾಗವಿಲ್ಲ. ನಾದಿನಿ ಪ್ರೀತಿಯಿಂದ ತಂದುಕೊಟ್ಟ ತಿಮಿಂಗಿಲದ ಪುಸ್ತಕ ಫ್ರಿಜ್ಜಿನ ಮೇಲಿದೆ. "ಅದು ಮರಿಗೆ ಹಾಲೂಡಿಸೋ ಪ್ರಾಣಿ ಕಣಮ್ಮಾ, ನಮ್ಮ ಕಡೆಯದ್ದಲ್ಲ" ಎಂದು ಬಣ್ಣದಕ್ಕ ಅವಳೆದುರಿಗೇ ಹೇಳಿ ಅಲ್ಲಿಟ್ಟರು. ನಾದಿನಿ ಆಮೇಲೆ ಸೀರೆ ತರುತ್ತಾಳೆಯೇ ಹೊರತು ಪುಸ್ತಕ ತರುವುದಿಲ್ಲ.

ಇದೆಲ್ಲ ಶುರುವಾದದ್ದು ಇಪ್ಪತ್ತು ವರ್ಷಗಳ ಹಿಂದೆ. ಈಜುಕೊಳ ಕಟ್ಟುವ ಗುತ್ತಿಗೆದಾರರೊಬ್ಬರು ಮೀನಿನ ಪುಸ್ತಕವೊಂದನ್ನು ತಂದು, ಒಂದು ಚಿತ್ರದ ಮೇಲೆ ಬೆರಳಿಟ್ಟು, ಕೊಳದ ಅಂಚಿಗೆ ಇದೇ ನೀಲಿ ಬೇಕು ಎಂದರು. ಬಣ್ಣದಕ್ಕ ವಾರವಿಡೀ ಬೆರೆಸಿದರು. ಜಪ್ಪಯ್ಯ ಎಂದರೂ ಅದು ಬರಲಿಲ್ಲ. ಹಾಗೆ ಸೋತದ್ದು ಅದೇ ಮೊದಲು. ಚಿತ್ರದ ಕೆಳಗಿನ ಮಾತುಗಳನ್ನು ನಿಘಂಟು ಹಿಡಿದು ಓದಿದಾಗ ಕಾರಣ ತಿಳಿಯಿತು. ಆ ಮೀನಿನ ಮೈಯಲ್ಲಿ ನೀಲಿ ಬಣ್ಣವೇ ಇಲ್ಲ. ಚರ್ಮದೊಳಗೆ ಕನ್ನಡಿಯ ಚೂರಿನಂಥ ಪದರಗಳಿವೆ, ಅವು ಬೆಳಕನ್ನು ಒಡೆದು ನೀಲಿಯನ್ನಷ್ಟೇ ಹೊರಗೆ ಬಿಡುತ್ತವೆ. ಗುತ್ತಿಗೆದಾರರು ಕೊನೆಗೆ ಹತ್ತಿರದ್ದೊಂದು ನೀಲಿ ಒಪ್ಪಿಕೊಂಡು ಹೋದರು, ಪುಸ್ತಕವನ್ನು ಅಂಗಡಿಯಲ್ಲೇ ಬಿಟ್ಟರು. "ಬಣ್ಣ ಇಲ್ದೇ ಬಣ್ಣ ತೋರಿಸೋ ಕಳ್ಳ ಅದು. ಅದರ ಬಳಗ ಎಲ್ಲಾ ನೋಡ್ಬೇಕು ಅನ್ನಿಸ್ತು" ಎನ್ನುತ್ತಾರೆ ಬಣ್ಣದಕ್ಕ.

ಬಳಗ ದೊಡ್ಡದೆಂದು ಬೇಗ ಗೊತ್ತಾಯಿತು. ಅದರೊಳಗಿನ ಮೋಸವೂ ಗೊತ್ತಾಯಿತು. ಮೀನು ಸತ್ತ ಸ್ವಲ್ಪ ಹೊತ್ತಿಗೇ ಬಣ್ಣ ಕಳೆದುಕೊಳ್ಳುತ್ತದೆ, ಕೆಡದಂತೆ ಮದ್ಯಸಾರದಲ್ಲಿಟ್ಟರೆ ಕಂದಾಗುತ್ತದೆ. ಹಳೆಯ ಕಾಲದ ಚಿತ್ರಗಾರರಲ್ಲಿ ಎಷ್ಟೋ ಮಂದಿ ದೂರದ ಊರುಗಳಿಂದ ಭರಣಿಗಳಲ್ಲಿ ಬಂದ ಮೀನನ್ನೇ ಎದುರಿಗಿಟ್ಟುಕೊಂಡು ಬರೆದವರು. ಅಂಥ ಚಿತ್ರಗಳಿಗೆ ಬಣ್ಣದಕ್ಕ ಇಟ್ಟ ಹೆಸರು ಭರಣಿಮೀನು. ಚಿತ್ರಗಾರ ಜೀವಂತ ಮೀನನ್ನು ನೋಡಿರಬೇಕು, ಇಲ್ಲವಾದರೆ ಆ ಪುಸ್ತಕ ಬೇಡ. ನೋಡಿದ್ದಾನೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅವರ ಕಣ್ಣು.

ಹಳೆಯ ಪುಸ್ತಕದ ವ್ಯಾಪಾರಿಗೆ ಈ ಕಣ್ಣಿನ ಕಾಟ ಚೆನ್ನಾಗಿ ಗೊತ್ತು. ಯಾವ ಪುಸ್ತಕ ಕೇಳಿದರೂ ಮೊದಲು "ತಡೀರಿ" ಎನ್ನುವುದರಿಂದ ಅವರಿಗೆ ತಡೀರಪ್ಪ ಎಂಬ ಹೆಸರು ಬಿದ್ದಿದೆ. ಹನ್ನೊಂದು ವರ್ಷಗಳ ಹಿಂದೆ, ಹವಳದ ದಿಬ್ಬದ ಮೀನುಗಳ ಮೇಲೆ ಎರಡು ಸಂಪುಟಗಳಲ್ಲಿ ಬಂದಿದ್ದ ಹಳೆಯ ಗ್ರಂಥವೊಂದರ ಮೊದಲ ಸಂಪುಟವನ್ನು ಅವರೇ ಹುಡುಕಿಕೊಟ್ಟಿದ್ದರು. ಪ್ರತಿ ಚಿತ್ರಕ್ಕೂ ಕೈಯಲ್ಲೇ ಬಣ್ಣ ತುಂಬಿದ ಪುಸ್ತಕ ಅದು. ಮನೆಯ ಗೋಡೆಯಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಎರಡನೆಯದಕ್ಕಾಗಿ ಬಣ್ಣದಕ್ಕ ವರ್ಷಗಟ್ಟಲೆ ಕಾದರು.

ಅದು ಸಿಕ್ಕಿದ್ದು ಎರಡು ವರ್ಷಗಳ ಹಿಂದೆ. ಸುದ್ದಿ ಕೇಳಿ ಬಣ್ಣದಕ್ಕ ಕೆಲಸದಿಂದ ನೇರವಾಗಿ ಓಡಿದರು. ಮೊದಲ ಸಂಪುಟವನ್ನು ಜೊತೆಗೆ ಒಯ್ಯಬೇಕೆಂದು ಅನ್ನಿಸಲೇ ಇಲ್ಲ. ಅದನ್ನು ತೆರೆದು ನೋಡಿ ವರ್ಷಗಳಾಗಿದ್ದರೂ ಅದರ ನೀಲಿ ಮನಸ್ಸಿನಲ್ಲಿ ಅಚ್ಚೊತ್ತಿತ್ತು.

ನಾಲ್ಕು ಹಾಳೆ ಮಗುಚಿ ಪುಸ್ತಕ ಮುಚ್ಚಿದರು. "ಭರಣಿಮೀನು."

"ತಡೀರಿ ತಾಯೀ. ಅದೇ ಪುಸ್ತಕ, ಅದೇ ಚಿತ್ರಗಾರ."

"ಅವನೇ ಇರಬಹುದು. ಎರಡನೇದಕ್ಕೆ ಸಮುದ್ರಕ್ಕೆ ಹೋಗೋಕೆ ಸೋಮಾರಿತನ ಬಂದಿರಬೇಕು. ನೋಡಿ ಈ ನೀಲಿ, ಪಾತ್ರೆ ತೊಳೆದ ನೀರಿದ್ದಂಗಿದೆ. ನೇರಳೆ ಅಂತೂ ಕಂದೇ ಆಗೋಗಿದೆ."

"ನಂಗೇನೋ ಚೆನ್ನಾಗೇ ಕಾಣ್ತಿದೆಯಪ್ಪ."

"ನೀವು ಪುಸ್ತಕ ಮಾರಿ. ಬಣ್ಣ ನನಗೆ ಬಿಡಿ."

ತಡೀರಪ್ಪ ಪುಸ್ತಕವನ್ನು ಮತ್ತೆ ಕಾಗದದಲ್ಲಿ ಸುತ್ತಿ ಮೇಲಿಟ್ಟರು. ಆ ಎರಡು ವರ್ಷಗಳಲ್ಲಿ ಬಣ್ಣದಕ್ಕ ಇನ್ನೂ ಕೆಲವು ಪುಸ್ತಕಗಳಿಗೆ ಮೂಗು ಮುರಿದರು. ಈಚೆಗೆ ಒಳ್ಳೆಯದೇ ಬರುತ್ತಿಲ್ಲ ಎಂದು ಮನೆಯಲ್ಲಿ ಗೊಣಗುತ್ತಿದ್ದರು.

ಈ ವರ್ಷ ಸಣ್ಣಕ್ಷರ ಮಸುಕಾಗಿ ಕನ್ನಡಕ ಬದಲಿಸಲೆಂದು ಹೋದಾಗ, ವೈದ್ಯರು ದೀಪ ಹಿಡಿದು ನೋಡಿ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಮೊದಲು ಬಲಗಣ್ಣಿಗೆ, ಕೆಲವು ವಾರ ಬಿಟ್ಟು ಎಡಗಣ್ಣಿಗೆ ಶಸ್ತ್ರಚಿಕಿತ್ಸೆ ಎಂದು ನಿಗದಿಯಾಯಿತು. ಬಲಗಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ ಬಣ್ಣದಕ್ಕ ಮೊದಲು ನೋಡಿದ್ದು ಯಜಮಾನರ ಅಂಗಿಯನ್ನು.

"ಇದು ಬಿಳಿ ಅಂಗೀನಾ?"

"ಮೂರು ವರ್ಷದಿಂದ ಬಿಳೀನೇ ಕಣೆ."

"ನಾನಿದನ್ನ ಕೆನೆ ಬಣ್ಣ ಅಂದ್ಕೊಂಡಿದ್ದೆ."

ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದರು. ಅಂಗಿ ಕೆನೆ ಬಣ್ಣಕ್ಕೆ ತಿರುಗಿತು. ಎಡಗಣ್ಣು ಮುಚ್ಚಿದರೆ ಮತ್ತೆ ಬಿಳಿ. ಓಣಿಗೆ ಹೋಗಿ ಮೊದಲ ಸಂಪುಟವನ್ನು ತೆರೆದು ನೀಲಿ ಮೀನೊಂದರ ಚಿತ್ರ ತೆಗೆದರು. ಬಲಗಣ್ಣಿಗೆ ನೀಲಿ ಉರಿಯುತ್ತಿತ್ತು. ಎಡಗಣ್ಣಿಗೆ ಅದೇ ಚಿತ್ರ ಪಾತ್ರೆ ತೊಳೆದ ನೀರು.

ವೈದ್ಯರು ಆಮೇಲೆ ವಿವರಿಸಿದರು. ಪೊರೆ ಬರುತ್ತಾ ಬರುತ್ತಾ ಕಣ್ಣಿನ ಮಸೂರ ಹಳದಿಯಾಗುತ್ತದೆ, ಮೊದಲು ಮಂಕಾಗುವುದು ನೀಲಿ. ಅಂಗಡಿಯಲ್ಲಿ ಇದು ಗೊತ್ತಾಗದೆ ಹೋದದ್ದಕ್ಕೂ ಕಾರಣವಿತ್ತು. ಮಾದರಿಯನ್ನೂ ಬಳಿದ ಕಾಗದವನ್ನೂ ಅದೇ ಕಣ್ಣು ನೋಡುತ್ತಿತ್ತು. ಎರಡೂ ಒಂದೇ ಸಮನೆ ಹಳದಿಗೆ ತಿರುಗಿದರೆ ಹೊಂದಿಕೆ ಕೆಡುವುದಿಲ್ಲ. ಮನಸ್ಸಿನಲ್ಲಿದ್ದ ನೀಲಿಗೆ ಮಾತ್ರ ಪೊರೆ ಬಂದಿರಲಿಲ್ಲ. ಅದರ ಪಕ್ಕಕ್ಕಿಟ್ಟರೆ ಯಾವ ಪುಸ್ತಕ ತಾನೇ ನಿಲ್ಲಬೇಕು?

ಕಪ್ಪು ಕನ್ನಡಕ ಹಾಕಿಕೊಂಡೇ ಬಣ್ಣದಕ್ಕ ತಡೀರಪ್ಪನ ಅಂಗಡಿಗೆ ಹೋದರು. "ಆ ಎರಡನೇ ಸಂಪುಟ ಕೊಡಿ. ತಪ್ಪು ನಂದೇ, ಹೊಟ್ಟೆಗೆ ಹಾಕ್ಕೊಳ್ಳಿ."

ತಡೀರಪ್ಪ ಈ ಸಲ ತಡೀರಿ ಎನ್ನಲಿಲ್ಲ. "ಮೊನ್ನೆ ತಾನೇ ಫ್ರೇಮ್ ಹಾಕೋರು ಒಯ್ದರಲ್ಲಾ ತಾಯೀ. ಹೋಟೆಲಿನ ರೂಮುಗಳಿಗೆ ಚಿತ್ರ ಬೇಕಂತೆ. ಬೇಗ ಹೋಗಿ, ಕತ್ತರಿಸ್ತಾರೆ."

ಫ್ರೇಮ್ ಅಂಗಡಿಯವನು ಬಣ್ಣ, ಪಾಲಿಶ್ ಎಲ್ಲವನ್ನೂ ಬಣ್ಣದಕ್ಕನ ಅಂಗಡಿಯಿಂದಲೇ ಒಯ್ಯುವವನು. ಅವರು ಹೋದಾಗ ಪುಸ್ತಕ ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಪಕ್ಕದಲ್ಲಿ ಉಕ್ಕಿನ ಅಳತೆಪಟ್ಟಿ, ಬ್ಲೇಡು. ಮೂರು ಹಾಳೆ ಆಗಲೇ ಹೊರಬಂದಿದ್ದವು.

"ಕೈ ತೆಗಿ ಮಾರಾಯಾ!"

"ಏನಕ್ಕಾ, ಹಿಂಗೆ ಕೂಗಿದ್ರೆ ನನ್ನ ಬೆರಳೇ ಹೋಗೋದು."

"ಬೆರಳು ಹೋದ್ರೆ ಹೊಲೀತಾರೆ. ಆ ಹಾಳೆ ಕೆಳಗಿಡು."

ಅವನು ಇಟ್ಟ. ಆದರೆ ಬಗ್ಗಲಿಲ್ಲ. ಹೋಟೆಲಿನವರಿಗೆ ಮಾತು ಕೊಟ್ಟಾಗಿದೆ, ರೂಮಿಗೊಂದು ಮೀನು, ಮ್ಯಾನೇಜರ್ ಪುಸ್ತಕ ನೋಡಿ ಒಪ್ಪಿಯೂ ಆಗಿದೆ ಎಂದ. ಬಣ್ಣದಕ್ಕ ಕೇಳಿಸಿಕೊಂಡು, ಹೋಟೆಲಿನ ಕಿಟಕಿಗಳು ಯಾವ ದಿಕ್ಕಿಗಿವೆ ಎಂದು ಕೇಳಿದರು. ಪಶ್ಚಿಮಕ್ಕೆ ಎಂದ.

"ಇದು ಕೈಯಲ್ಲಿ ತುಂಬಿರೋ ಬಣ್ಣ. ಪಶ್ಚಿಮದ ಬಿಸಿಲಿಗೆ ಎರಡೇ ವರ್ಷಕ್ಕೆ ಸಪ್ಪೆ ಆಗತ್ತೆ. ಆಗ ಮ್ಯಾನೇಜರು ಯಾರ ಅಂಗಡಿ ಮುಂದೆ ಬಂದು ನಿಲ್ತಾರೆ? ಸ್ಕ್ಯಾನ್ ಮಾಡ್ಸಿ ಪ್ರಿಂಟ್ ಹಾಕು. ಮಾಸಿದ್ರೆ ಇನ್ನೊಂದು ಹಾಕ್ಕೊಡ್ಬಹುದು."

"ಪ್ರಿಂಟಲ್ಲಿ ಈ ನೀಲಿ ಬರಲ್ಲಕ್ಕಾ. ನೀವೇ ಎಷ್ಟು ಸಲ ಹೇಳಿಲ್ಲ?"

"ನಾನು ನಿಂತು ತರಿಸ್ತೀನಿ."

ಅವನು ಬ್ಲೇಡನ್ನು ಮೇಜಿನ ಮೇಲಿಟ್ಟ. "ಸರಿ. ಮ್ಯಾನೇಜರ್ ಪ್ರಿಂಟ್ ಒಪ್ಪಿದ್ರೆ, ನಾನು ಕೊಟ್ಟ ಬೆಲೆಗೇ ಪುಸ್ತಕ ನಿಮ್ಮದು. ಬೇಡ ಅಂದ್ರೆ ಕತ್ತರಿಸ್ತೀನಿ. ಆಗ ಮತ್ತೆ ಕೂಗಾಡಬಾರದು."

ಫೋಟೊ ಪ್ರಿಂಟ್ ಹಾಕುವ ಅಂಗಡಿಯಲ್ಲಿ ಬಣ್ಣದಕ್ಕ ಎರಡು ಮಧ್ಯಾಹ್ನ ನಿಂತರು. ಪ್ರಿಂಟ್ ಹೊರಬಂದಂತೆಲ್ಲ ಅದನ್ನು ಮೂಲಚಿತ್ರದ ಪಕ್ಕಕ್ಕಿಟ್ಟು, ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿ ನೋಡುತ್ತಿದ್ದರು. ಹಳದಿ ಒಂದು ಚೂರು ಇಳಿಸಿ. ಕಪ್ಪು ತೆಗೆಯಿರಿ. ಮತ್ತೆ ಹಾಕಿ. ಯಂತ್ರದವನು ಬೇಸತ್ತು, "ಇಷ್ಟು ಸಾಕು ಬಿಡಿ ಮೇಡಂ" ಎಂದಾಗ, "ಸಾಕು ಅನ್ನೋ ಹೆಸರಿನ ಬಣ್ಣ ಇನ್ನೂ ಬಂದಿಲ್ಲಪ್ಪ" ಎಂದು ಇನ್ನೊಂದು ಹಾಕಿಸಿದರು.

ಆದರೂ ಒಳಗೊಂದು ಅಳುಕು ಉಳಿದಿತ್ತು. ಎರಡು ವರ್ಷ ದಾರಿ ತಪ್ಪಿಸಿದ ಕಣ್ಣುಗಳ ಜೋಡಿಯಲ್ಲಿ ಈ ಬಲಗಣ್ಣೂ ಒಂದು. ಕತ್ತರಿಸಿದ ಮೂರು ಹಾಳೆಗಳಲ್ಲೊಂದಾದ ಗಿಳಿಮೀನಿನ ಪ್ರಿಂಟ್ ಬಂದಾಗ, ಜೊತೆಗೆ ಬಂದಿದ್ದ ಯಜಮಾನರ ಕಡೆ ತಿರುಗಿ, "ನಿಮಗೆ ಹೇಗೆ ಕಾಣ್ತಿದೇರೀ?" ಎಂದರು.

ಯಜಮಾನರು ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನೋ ಕೇಳಿರಬೇಕೆಂದು. "ನನ್ನನ್ನಾ? ಮದುವೆಯಾದಾಗಿನಿಂದ ಬಣ್ಣದ ವಿಷಯ ನನ್ನನ್ನ ಕೇಳಿದ್ದು ಇದೇ ಮೊದಲು. ಲಿಫ್ಟಿನ ಕೆಂಪು ಬಟನ್, ಹಸಿರು ಬಟನ್ ಬಿಟ್ರೆ ನಂಗೇನು ಗೊತ್ತು?"

"ತಮಾಷೆ ಸಾಕು. ಎರಡೂ ಒಂದೇ ಥರ ಇದೆಯೋ ಇಲ್ವೋ?"

ಅವರು ಎರಡನ್ನೂ ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದರು. "ಇದರಲ್ಲಿ ಕಿವಿರಿನ ಹತ್ತಿರ ಒಂಚೂರು ಹಸಿರು ಜಾಸ್ತಿ."

ಬಣ್ಣದಕ್ಕ ಬಗ್ಗಿ ನೋಡಿದರು. ಹೌದು, ಜಾಸ್ತಿಯೇ ಇತ್ತು. ಅದನ್ನು ಇಳಿಸಿದ ಮೇಲೆ ಕೊನೆಯ ಪ್ರಿಂಟ್ ಬಂತು. ಅದು ಮೂಲಚಿತ್ರದ ಪಕ್ಕದಲ್ಲಿ ಗೆರೆಯಿಲ್ಲದೆ ಕೂತಿತು. ಉಳಿದವೂ ಆ ಸಂಜೆಯೊಳಗೆ ಮುಗಿದವು.

ಮರುದಿನ ಹೋಟೆಲಿಗೆ ಗಂಡಹೆಂಡತಿಯೂ ಫ್ರೇಮಿನವನೂ ಹೋದರು. ಮ್ಯಾನೇಜರ್ ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಬಣ್ಣದಕ್ಕ ಉತ್ತರ ಸಿದ್ಧಮಾಡಿಕೊಂಡಿದ್ದರು. ಮೀನಿನ ಚರ್ಮದ ಪದರ, ಬೆಳಕು, ಬಿಸಿಲು ಎಲ್ಲಾ. ಮ್ಯಾನೇಜರ್ ಪ್ರಿಂಟುಗಳನ್ನು ಇಸ್ಪೀಟೆಲೆ ಕಲಸುವಂತೆ ಸರಸರನೆ ಸರಿಸಿ, ಫ್ರೇಮಿನವನನ್ನು ಕೇಳಿದರು: "ಫ್ರೇಮ್ ಎಲ್ಲಾ ಒಂದೇ ಸೈಜ್ ಬರುತ್ತಲ್ಲಾ?"

"ಬರುತ್ತೆ ಸಾರ್."

"ಹಾಗಾದ್ರೆ ಆಯ್ತು."

ಹೊರಗೆ ಬಂದ ಮೇಲೆ ಬಣ್ಣದಕ್ಕ ಮೆಟ್ಟಿಲ ಮೇಲೇ ನಿಂತುಬಿಟ್ಟರು. "ನೀಲಿ ಬಗ್ಗೆ ಒಂದು ಮಾತೂ ಕೇಳ್ಲಿಲ್ವಲ್ಲಾ!"

"ಕೇಳೋ ಮನುಷ್ಯ ಆಗಿದ್ರೆ, ಪುಸ್ತಕಾನೇ ಕತ್ತರಿಸು ಅಂತಿದ್ದ ಅಕ್ಕಾ" ಎಂದ ಫ್ರೇಮಿನವನು. ಎರಡನೇ ಸಂಪುಟವನ್ನು ಚೀಲದಿಂದ ತೆಗೆದು, ಮೂರು ಬಿಡಿ ಹಾಳೆಗಳನ್ನು ಒಳಗಿಟ್ಟು, ಎರಡೂ ಕೈಯಲ್ಲಿ ಕೊಟ್ಟ.

ಈಗ ಅದು ಸೊಂಟದ ಎತ್ತರದ ಗೂಡಿನಲ್ಲಿ, ಮೊದಲ ಸಂಪುಟದ ಪಕ್ಕದಲ್ಲಿದೆ. ಎಡಗಣ್ಣಿನ ಶಸ್ತ್ರಚಿಕಿತ್ಸೆಯೂ ಮುಗಿದಿದೆ. ಕತ್ತರಿಸಿದ ಮೂರು ಹಾಳೆಗಳನ್ನು ಗುರುತು ಕಾಣದಂತೆ ಅಂಟಿಸಿಕೊಡುತ್ತೇನೆಂದು ಬೈಂಡಿಂಗ್‌ನವರು ಹೇಳಿದ್ದಾರೆ. ಬಣ್ಣದಕ್ಕ ಬೇಡವೆಂದರು. ಓಣಿಯಲ್ಲಿ ಬೆಳಕು ಕಡಿಮೆ, ಸಂಪುಟ ಬಲು ಭಾರ. "ಈ ಮೂರನ್ನ ಮಾತ್ರ ಕಿಟಕಿ ಹತ್ರ ಒಯ್ದು ನೋಡ್ಬಹುದು" ಎನ್ನುತ್ತಾ ಗಿಳಿಮೀನಿನ ಹಾಳೆಯನ್ನು ಅಂಗೈಗಳ ಮೇಲೆ ಮಲಗಿಸಿಕೊಂಡು ಅಡುಗೆಮನೆಯ ಕಿಟಕಿಯ ಕಡೆಗೆ ನಡೆದರು. ಎದುರಿಗೆ ಬರುತ್ತಿದ್ದ ಯಜಮಾನರು ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಟ್ಟರು.