ಆಯಿಯ ತವರಿನ ಟಮಾಟಿ

ಮೊನ್ನೆ ಗುಡಗೇರಿ ಸಂತೆಯಲ್ಲಿ ಸಸಿ ಮಾರುವವನ ಮುಂದೆ ಕುಂತಿದ್ದೆ. ಹಿತ್ತಲದಲ್ಲಿ ನಾಲ್ಕು ಟಮಾಟಿ ಗಿಡ ಹಚ್ಚಬೇಕಿತ್ತು. ಯಾವ ಜಾತೀದು ಬೇಕ್ರೀ ಕಾಕಾ ಅಂತ ಕೇಳಿ ಆರೇಳು ಹೆಸರು ಹೇಳಿದ. ದುಂಡಂದು, ಉದ್ದಂದು, ಹದಿನೈದು ದಿವಸ ಇಟ್ಟರೂ ಕೆಡದ್ದು... ನಾನು ಸುಮ್ಮನೆ ಒಂದು ಎಲೆ ಹಿಸುಕಿ ಮೂಗಿಗೆ ಹಿಡಿದೆ. ಆ ಹಸಿರು ಘಾಟು ಒಳಗೆ ಇಳಿಯಿತು ನೋಡಿ. ಎಪ್ಪತ್ತರ ದಶಕದಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಆಯಿ ನೆನಪಾದಳು.

ಆಯಿ ನನಗೆ ರಕ್ತಸಂಬಂಧಿ ಅಲ್ಲ. ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳನ್ನು ಅಣ್ಣಿಗೇರಿಗೆ ಕೊಟ್ಟಿದ್ದಳು. ನಾನಾಗ ಇಪ್ಪತ್ತೈದರ ಗೌಂಡಿ, ಗೋಡೆ ಕಟ್ಟುವವ. ಸಾಲಿ ನಾಲ್ಕನೇತ್ತಕ್ಕೇ ಬಿಟ್ಟಿದ್ದೆ. ಆದರೆ ಥಾಪಿ ಹಿಡಿದರೆ ಸುತ್ತ ಐದು ಊರಲ್ಲಿ ನನ್ನಂಥ ಕೈ ಇರಲಿಲ್ಲ. ನಾನು ಮೆತ್ತಿದ ಗೋಡೆಯ ಮೇಲೆ ಇರುವೆ ಹರಿದರೂ ಜಾರಬೇಕು ಅನ್ನುತ್ತಿದ್ದರು ಜನ.

ಆಯಿಯ ಹಿತ್ತಲ ಅಂದರೆ ಬಚ್ಚಲ ನೀರು ಹರಿದುಹೋಗುವಲ್ಲಿ ಒಂದೇ ಒಂದು ಮಡಿ. ಎಂಟು ಗಿಡಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಪ್ರತಿ ಮಳೆಗಾಲ ಅಲ್ಲಿ ತವರಿನ ಟಮಾಟಿ ಹಚ್ಚುತ್ತಿದ್ದಳು. ಮಿಶ್ರಿಕೋಟಿಯ ಕಡೆ ಒಂದು ಸಣ್ಣ ಹಳ್ಳಿ ಆಕೆಯ ತವರು. ಮದುವೆಯಾಗಿ ಬರುವಾಗ ಸೆರಗಿನ ತುದಿಗೆ ಬೀಜ ಕಟ್ಟಿಕೊಂಡು ಬಂದಿದ್ದಳಂತೆ. ಹಣ್ಣು ಚಪ್ಪಟೆ, ಮೈತುಂಬ ಗೆರೆ, ಜೋರು ಮಳೆ ಬಿದ್ದರೆ ಬಿರಿಯುತ್ತಿತ್ತು. ಆದರೆ ಹುಳಿ ಅಂದರೆ ಹುಳಿ. ಆ ಹಣ್ಣಿನ ಸಾರಿಗೆ ಹುಣಸೆಹಣ್ಣಿನ ಗರಜೇ ಇರಲಿಲ್ಲ. ಓಣಿಯಲ್ಲಿ ಯಾರೇ ಜ್ವರದಿಂದ ಎದ್ದರೂ ಮೊದಲ ತುತ್ತು ಆಯಿಯ ಸಾರಿನ ಅನ್ನದ್ದೇ.

ಆ ವರ್ಷ ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಬರುವಾಗ ನಾನೊಂದು ಬೀಜದ ಪಾಕೀಟು ತಂದೆ. ಮೇಲೆ ಬಣ್ಣದ ಚಿತ್ರ, ಚೆಂಡಿನಂಥ ಹಣ್ಣು. ಈ ಸಲ ಇದನ್ನೇ ಹಚ್ಚು ಅಂದೆ. ಅರ್ಧ ಮಡಿ ನಿಂದು, ಅರ್ಧ ಮಡಿ ನಂದು ಅಂದಳು. ನಾನು ಒಪ್ಪಲಿಲ್ಲ. ಹಚ್ಚಿದರೆ ಪೂರ್ತಿ ಹಚ್ಚಬೇಕು, ಇಲ್ಲದಿದ್ದರೆ ಫರಕು ಹ್ಯಾಂಗ ತಿಳೀತದ ಅಂತ ವಾದ ಹೂಡಿದೆ. ನಿನ್ನ ಹಣ್ಣಿಗೆ ಮುದುಕಿ ಗಲ್ಲದಂಥ ಗೆರಿ ಅಂತ ಚೇಷ್ಟೆಯನ್ನೂ ಮಾಡಿದೆ.

"ಗೆರಿ ಇದ್ದದ್ದಕ್ಕ ರುಚಿ ಇರ್ತದಲೇ. ನಿನ್ನ ಮಾರಿ ಹಾಂಗ ನುಣ್ಣಗಿದ್ರ ಏನ ಬಂತು?" ಅಂದಳು.

ಒಂದು ವಾರ ಬಿಡದೆ ಗಂಟುಬಿದ್ದೆ. ಕಡೆಗೆ ಆಕೆಯೇ ಸೋತಳು. ಒಂದ ವರ್ಷ ನಿಂದ ಆಗ್ಲಿ ಬಿಡು, ನಮ್ಮವು ಬೀಜಾ ಅದಾವಲ್ಲ ಅಂದಳು. ಎಲ್ಲಿ ಅದಾವು ಅಂತ ನಾನು ಕೇಳಲಿಲ್ಲ.

ಗಿಡ ಚಲೋ ಬಂದವು. ನವರಾತ್ರಿ ಹತ್ತಿರ ಬಂದಾಗ ಮಗಳ ಹೆರಿಗೆ ಅಂತ ಆಯಿ ಅಣ್ಣಿಗೇರಿಗೆ ಹೋದಳು. ಗಿಡಕ್ಕೆ ನೀರು ಹಾಕು ಅಂತ ಕೀಲಿ ನನ್ನ ಕೈಯಲ್ಲಿ ಕೊಟ್ಟಳು. ಹಿತ್ತಲಕ್ಕೆ ಅಡಿಗೆಮನೆ ದಾಟಿಯೇ ಹೋಗಬೇಕು. ದಿನಾ ದಾಟುವಾಗ ಒಲೆಯ ಹಿಂದಿನ ಗೋಡೆ ಕಣ್ಣು ಚುಚ್ಚುತ್ತಿತ್ತು. ಮಣ್ಣು ಅಲ್ಲಲ್ಲಿ ಕಿತ್ತಿತ್ತು. ಅದರ ಮೇಲೆ ರೊಟ್ಟಿ ಬಡಿದ ಹಾಗೆ ಐದಾರು ಸಗಣಿಯ ಹೆಂಟೆ, ಹೊಗೆಗೆ ಕಪ್ಪಗಾಗಿ. ತೂತು ಮುಚ್ಚಲಿಕ್ಕೆ ಮುದುಕಿ ಮಾಡಿದ ತೇಪೆ ಅಂದುಕೊಂಡೆ. ಬಾಜೂಕ ನನ್ನಂಥ ಗೌಂಡಿ ಇದ್ದೂ ಆಯಿ ಇಂಥ ತೇಪೆ ಹಚ್ಚಿಕೊಂಡಿದ್ದಾಳಲ್ಲ ಅಂತ ನನಗೇ ನಾಚಿಕೆಯಾಯಿತು.

ಆಕೆ ಬರುವುದರೊಳಗೆ ಗೋಡೆ ಹೊಸದು ಮಾಡಬೇಕು ಅಂತ ಹಟ ಹಿಡಿದೆ. ಎಲ್ಲಾ ಕೆರೆದೆ. ಕೆರೆದದ್ದನ್ನು ಚೆಲ್ಲಲೂ ಇಲ್ಲ, ಹಳೆ ಮಣ್ಣು ಗಟ್ಟಿ ಅಂತ ಹೊಸ ಮಣ್ಣಿನಲ್ಲೇ ಕಲಸಿದೆ. ಹೊಟ್ಟು ಹಾಕಿ ತುಳಿದೆ, ಬಾಳಿಕೆ ಬರಲಿ ಅಂತ ಸುಣ್ಣವನ್ನೂ ಬೆರೆಸಿದೆ. ಮೂರು ದಿವಸ ದುಡಿದೆ. ಕನ್ನಡಿಯಂಥ ಗೋಡೆ ಎದ್ದಿತು.

ಆಯಿ ಬಂದವಳು ಗಂಟು ಇಳಿಸದೆ ಆ ಗೋಡೆಯ ಮುಂದೆ ನಿಂತಳು. ಅಂಗೈಯಿಂದ ಸವರಿದಳು. ಇದರ ಮ್ಯಾಲಿಂದು ಎಲ್ಲಿ ಹಾಕಿದಿ ತಮ್ಮಾ ಅಂತ ಕೇಳಿದಳು. ಒಂದು ಚೂರೂ ಹಾಳು ಮಾಡಿಲ್ಲ, ಎಲ್ಲಾ ಈ ಗೋಡೆಯಾಗ ಅದ ಅಂತ ಹೆಮ್ಮೆಯಿಂದ ಹೇಳಿದೆ. ಆಮೇಲೆ ಗಂಟು ಇಳಿಸಿ, "ಚಲೋ ಮಾಡಿದಿ" ಅಂದಳು.

ದೀಪಾವಳಿ ಹೊತ್ತಿಗೆ ಆ ಗೋಡೆ ಉಬ್ಬತೊಡಗಿತು. ನನ್ನ ಕೈಯ ಗೋಡೆ! ನನಗೆ ತಡೆಯಲಾಗಲಿಲ್ಲ. ಒಂದು ಮುಂಜಾನೆ ಹೋಗಿ ನೋಡಿದರೆ ಆಯಿ ತಂಬಿಗೆ ಹಿಡಿದುಕೊಂಡು ಗೋಡೆಗೆ ನೀರು ಚಿಮುಕಿಸುತ್ತಿದ್ದಳು. ದಿನಾ ಹಾಗೇ ಮಾಡಿದ್ದಳು ಅಂತ ಕಾಣುತ್ತದೆ, ಬುಡವೆಲ್ಲ ರಾಡಿ. ನಾನು ಬಾಯಿಗೆ ಬಂದದ್ದು ಅಂದುಬಿಟ್ಟೆ. ಬುದ್ಧಿ ಎಲ್ಲಿ ಇಟ್ಟೀ, ಬೆವರು ಸುರಿಸಿ ಮಾಡಿದ್ದರ ಕಿಮ್ಮತ್ತು ಗೊತ್ತಿಲ್ಲ ನಿನಗ...

ಆಯಿ ತಂಬಿಗೆ ಕೆಳಗಿಟ್ಟಳು.

"ಗ್ವಾಡಿ ಹ್ವಾದ್ರ ನೀ ಮತ್ತ ಕಟ್ಟತಿ ತಮ್ಮಾ. ಇದರಾಗ ನನ್ನ ತವರಿನ ಬೀಜಾ ಅದಾವು. ಹೊಗಿಯೊಳಗ ಇದ್ರ ಹುಳಾ ಹತ್ತೂದಿಲ್ಲಂತ ನಮ್ಮವ್ವ ಸಗಣ್ಯಾಗ ಕಲಿಸಿ ಒಲಿ ಹಿಂದ ಬಡೀತಿದ್ಲು, ನಾನೂ ಹಾಂಗ ಬಡದಿದ್ದೆ. ಒಂದಾದ್ರೂ ಮೊಳಕಿ ಒಡದೀತೇನಂತ ನೀರ ಹಾಕತೀನಿ."

ನಮ್ಮ ಮನೆಯಲ್ಲಿ ಬೀಜವನ್ನು ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿ ಇಡುತ್ತಿದ್ದರು. ಗೋಡೆಗೆ ಬಡಿಯುವುದನ್ನು ನಾನು ಕಂಡವನಲ್ಲ. 

ಅವತ್ತೇ ಆ ಗೋಡೆ ಒಡೆದೆ. ಮಣ್ಣನ್ನು ನೀರಿನಲ್ಲಿ ನೆನೆಸಿ, ಹೆಂಟೆ ಹಿಸುಕಿ, ಮಡಿಯ ಮೇಲೆ ಹರವಿದೆ. ಪಾಕೀಟಿನ ಗಿಡಗಳನ್ನು ಕಿತ್ತು ಒಗೆದೆ. ಹನ್ನೆರಡು ದಿವಸಕ್ಕೆ ಒಂದೇ ಒಂದು ಟಮಾಟಿ ಮೊಳಕೆ ಎದ್ದಿತು. ಆಯಿ ಅದಕ್ಕೆ ಮುಳ್ಳಿನ ಬೇಲಿ ಕಟ್ಟಿದಳು, ಮುಂಜಾನೆ ಒಮ್ಮೆ ಸಂಜಿಗೊಮ್ಮೆ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂಡುತ್ತಿದ್ದಳು. ನಾನು ಕೆಲಸಕ್ಕೆ ಹೋಗುವಾಗ ಬರುವಾಗ ಇಣುಕುತ್ತಿದ್ದೆ. ಹೂವಾಯಿತು, ಕಾಯಾಯಿತು. ಕಾಯಿ ದೊಡ್ಡದಾದ ಹಾಗೆಲ್ಲ ದುಂಡಗಾಯಿತು, ನುಣ್ಣಗಾಯಿತು. ಮಡಿಯಲ್ಲಿ ಉದುರಿದ್ದ ಪಾಕೀಟಿನ ಹಣ್ಣಿನದೇ ಬೀಜ ಅದು. ಆಯಿಯ ಬೀಜವನ್ನು ನನ್ನ ಸುಣ್ಣ ಸುಟ್ಟಿತ್ತು.

"ಇದು ನಿಂದಪಾ," ಅಂತ ಆ ಹಣ್ಣು ಹರಿದು ನನ್ನ ಕೈಯಲ್ಲಿ ಇಟ್ಟಳು. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ನಾನು ಸುಮ್ಮನೆ ಕೂಡಲಿಲ್ಲ. ಗುಡಗೇರಿ ಸಂತೆ, ಕುಬಿಹಾಳದ ಹಿತ್ತಲಗಳು, ಎಲ್ಲಾ ತಿರುಗಿದೆ. ಆಕೆಯ ತವರಿಗೂ ಹೋದೆ. ಹಿತ್ತಲ ಇದ್ದಲ್ಲಿ ಅಣ್ಣನ ಮಕ್ಕಳು ಭತ್ತ ಬಡಿಯುವ ಕಣ ಮಾಡಿದ್ದರು, ಗೆರೆಯ ಟಮಾಟಿ ಅಂದರೆ ನಕ್ಕರು. ಗೆರೆ ಇದ್ದ ಹಣ್ಣು ಎಲ್ಲಿ ಕಂಡರೂ ತಂದು ಕೊಡುತ್ತಿದ್ದೆ. ಆಯಿ ಹೆಬ್ಬೆರಳಿನಿಂದ ಸೀಳಿ, ನಾಲಿಗೆಗೆ ಮುಟ್ಟಿಸಿ, ಇದಲ್ಲ ತಮ್ಮಾ ಅನ್ನುತ್ತಿದ್ದಳು. ಏಳೆಂಟು ಸಲ ಆದಮೇಲೆ, ಇನ್ನ ತರಬ್ಯಾಡ, ನನಗ ಆ ರುಚೀನ ಮರಿಯಾಕ ಹತ್ತೇದ ಅಂದಳು...

ಆ ಮಡಿಯಲ್ಲಿ ಮತ್ತೆ ಆಕೆ ಏನೂ ಹಚ್ಚಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡಳು. ಮಣ್ಣಿಗೆ ಬಂದ ಮಗಳು, ನಾನು ಎರಡನೇ ಸಲ ಮೆತ್ತಿದ್ದ ಗೋಡೆ ಸವರುತ್ತ, ನಮ್ಮವ್ವಗ ಹೊಟ್ಟ್ಯಾಗ ಹುಟ್ಟಿದ ಮಗನ ಹಾಂಗ ಮಾಡಿಕೊಟ್ಟಿರಿ ಅಂತ ಕೈಮುಗಿದಳು. ಬೀಜದ ಸಂಗತಿ ಆಯಿ ಆಕೆಗೂ ಹೇಳಿರಲಿಲ್ಲ, ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಕೈಮುಗಿಸಿಕೊಂಡು ನಿಂತೆ.

ಆಮೇಲೆ ಎಷ್ಟೋ ಮನೆ ಕಟ್ಟಿದೆ, ಎಷ್ಟೋ ಹಳೆ ಅಡಿಗೆಮನೆ ಕೆಡವಿದೆ. ಕೆಡವುವ ಮೊದಲು ಒಲೆಯ ಹಿಂದಿನ ಗೋಡೆಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದೆ. ಬರೀ ಮಸಿ ಬರುತ್ತಿತ್ತು.

ಸಸಿಯವನು ಮತ್ತೊಮ್ಮೆ ಕೇಳಿದ, ಯಾವದು ಕೊಡ್ಲಿ ಕಾಕಾ? ಇದ್ದದ್ದು ಕೊಡಪಾ ಅಂದೆ. ದುಂಡನೆಯ ಹಣ್ಣಿನವು ನಾಲ್ಕು ಕೊಟ್ಟ. ತಂದು ಹಚ್ಚಿದ್ದೇನೆ. ಹಣ್ಣು ಬಿಡುತ್ತವೆ, ಚಲೋನೇ ಬಿಡುತ್ತವೆ. ಸಾರು ಮಾಡುವ ದಿವಸ ನಮ್ಮ ಮನೆಯಲ್ಲಿ ಹುಣಸೆಹಣ್ಣು ನೆನೆಹಾಕುತ್ತಾರೆ.