ತಾಪಿ ದಂಡೆಯ ಸೀತನಿ

ಉಧ್ನಾ ಸ್ಟೇಷನ್ನಿನ ಬುಕಿಂಗ್ ಕ್ಲಾರ್ಕ್ ಭೀಮಸೇನನಿಗೆ ಸೂರತ್ತಿನಲ್ಲಿ ಮನಸ್ಸಿಗೆ ಬಂದದ್ದು ಒಂದೇ, ಅಲ್ಲಿನ ಚಳಿಗಾಲ. ಉಳಿದಂತೆ ಆ ಊರಿನ ಗದ್ದಲ, ಗಟಾರ, ಸಕ್ಕರೆ ಹಾಕಿದ ಬೇಳೆ ಎಲ್ಲವನ್ನೂ ದಿನಾ ಬೈಯುತ್ತಿದ್ದ. ಆದರೆ ಡಿಸೆಂಬರ್ ಬಂತೋ, ತಾಪಿ ನದಿಯ ದಂಡೆಯಲ್ಲಿ ಎಳೆ ಜೋಳದ ತೆನೆ ಸುಟ್ಟು ಮಾರುವವರ ಚಪ್ಪರಗಳು ಏಳುತ್ತಿದ್ದವು. ಅಲ್ಲಿಯವರು ಅದಕ್ಕೆ ಪೊಂಕ್ ಎನ್ನುತ್ತಾರೆ. "ಪೊಂಕ್ ಅಂತ ಪೊಂಕ್! ಇದು ನಮ್ಮ ಬಿಜಾಪುರದ ಸೀತನೀನ ಅಲ್ಲೇನ್ರಿ?" ಎಂದು ಭೀಮಸೇನ ಕಂಡ ಕನ್ನಡಿಗರನ್ನೆಲ್ಲ ಹಿಡಿದು ಕೇಳುತ್ತಿದ್ದ.

ಕೇಳಿ ಸುಮ್ಮನಾಗುವ ಆಸಾಮಿಯಲ್ಲ ಅವನು. ಶಾಲೆಗೆ ಚಳಿಗಾಲದ ರಜೆ ಬಿದ್ದ ಮೊದಲ ಭಾನುವಾರ ಕನ್ನಡದ ಸಂಸಾರಗಳನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ನದಿ ದಂಡೆಗೆ ಹೊರಡುತ್ತಿದ್ದ. ಮಕ್ಕಳಿಗೆ ಗಾಳಿಪಟ, ಲಗೋರಿ. ಹೆಂಗಸರಿಗೆ ಬಿಸಿಲು ಕಾಯುತ್ತ ಹರಟೆ. ಅವನು ಮಾತ್ರ ಕುಳ್ಳಿನ ಬೆಂಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತೆನೆ ಸುಟ್ಟು, ಬಿಸಿ ಆರುವ ಮೊದಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಒಂದೊಂದು ಮಗುವಿನ ಬೊಗಸೆಗೂ ತಾನೇ ಸುರಿಯುತ್ತಿದ್ದ. ಸೀತನಿಯನ್ನು ತಟ್ಟೆಗೆ ಹಾಕಿಕೊಂಡು ತಿನ್ನುವುದು ಅವನ ಪ್ರಕಾರ ಪಾಪ. ಕೈಯಿಂದ ಕೈಗೇ ಬೀಳಬೇಕು. ಉಡುಪಿ ಹೋಟೆಲಿನ ಶಂಕರನಾರಾಯಣರ ಮಗಳು ಮೇಘನಾ ಮತ್ತು ಭೀಮಸೇನನ ಮಗಳು ರಚನಾ ಸಾಲಿನಲ್ಲಿ ಮೊದಲು ನಿಲ್ಲಲು ಪ್ರತಿವರ್ಷ ಕಿತ್ತಾಡುತ್ತಿದ್ದರು.

ತೊಂಬತ್ತನಾಲ್ಕರಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ, ಸೂರತ್ತಿಗೆ ಪ್ಲೇಗು ಬಂತು. ಜನ ರೈಲು ಹತ್ತಿ ದಿಕ್ಕಾಪಾಲಾಗಿ ಓಡಿದರು. ಕನ್ನಡದವರಲ್ಲಿ ಎಷ್ಟೋ ಸಂಸಾರಗಳನ್ನು ಭೀಮಸೇನನೇ ಎತ್ತಿ ಕಿಟಕಿಯೊಳಗೆ ತೂರಿಸಿದ. ಅವನಿಗೆ ರಜೆ ಇಲ್ಲ; ಗಂಡನನ್ನು ಬಿಟ್ಟು ಪಾರ್ವತಿ ಹೊರಡಲೊಲ್ಲಳು. ಅದೇ ವಾರ ಅವಳಿಗೆ ಜ್ವರ ಬಂತು. ಡಾಕ್ಟರು ರಕ್ತ ನೋಡಿ ಮಲೇರಿಯಾ ಎಂದರು, ಪ್ಲೇಗಲ್ಲ ಎಂದು ಒತ್ತಿ ಹೇಳಿದರು. ಯಾರು ಕೇಳಬೇಕು? ಜ್ವರ ತಲೆಗೇರಿ ಅವಳು ತೀರಿಕೊಂಡಾಗ, ಊರಲ್ಲೇ ಉಳಿದಿದ್ದ ಕನ್ನಡದವರು ಬಾಗಿಲಿಗೆ ಅಗಳಿ ಹಾಕಿ ಕೂತರು. ಹೆಣಕ್ಕೆ ಹೆಗಲು ಕೊಟ್ಟವರು ಹಳಿ ರಿಪೇರಿಯ ಗ್ಯಾಂಗ್‌ಮನ್ನರು. ಓಡಿಹೋದವರು ತಿರುಗಿ ಬಂದ ಮೇಲಾದರೂ ಮುಖ ತೋರಿಸಿದರೇ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಥೂ, ಜನವೇ.

ಭೀಮಸೇನ ಅದನ್ನೂ ನುಂಗಿಕೊಂಡ. ಅವನಿಂದ ತಾಳಲಾಗದ್ದು ರಚನಾಳ ಗತಿ. ಹತ್ತು ವರ್ಷದ ಹುಡುಗಿ ಸಂಜೆ ಆಟಕ್ಕೆ ಇಳಿದರೆ, ಉಳಿದ ಮಕ್ಕಳನ್ನು ತಾಯಂದಿರು ಒಳಗೆ ಕರೆಯುತ್ತಿದ್ದರು. ಮೇಘನಾ ಶಾಲೆಯಲ್ಲಿ ಬೇರೆ ಬೆಂಚಿಗೆ ಹೋಗಿದ್ದಳು. ಮಗಳು ಒಬ್ಬಳೇ ಗೋಡೆಗೆ ಚೆಂಡು ಹೊಡೆಯುವ ಸದ್ದು ಕೇಳಲಾರದೆ ಅವನು ಹೊರಗೆ ಹೋಗಿ ನಿಲ್ಲುತ್ತಿದ್ದ. ರಜೆ ಬರಲಿ, ಒಂದು ಸಲ ಮಕ್ಕಳೆಲ್ಲ ಒಟ್ಟಿಗೆ ಕೂತು ಸೀತನಿ ತಿಂದರೆ ಮಗಳಿಗೆ ಗೆಳತಿಯರು ಮರಳಿ ಸಿಗುತ್ತಾರೆ ಎಂದು ನಂಬಿದ. ಮನೆಮನೆಗೆ ಹೋದ. ಯಾರೂ ಒಳಗೆ ಕರೆಯಲಿಲ್ಲ, ಹೊಸಿಲಾಚೆಯೇ ನಿಂತು ಬರಹೇಳಿದ. ನಾಚಿಕೆಗೋ ಏನೋ, ಜನ ಬಂದರು.

ಅಂದು ಬಿಸಿಲು ಹಿತವಾಗಿತ್ತು. ಗಾಳಿಪಟಗಳು ಏರಿದವು. ಭೀಮಸೇನ ತೆನೆ ತಿಕ್ಕಿ, "ಬರ್ರಿ ಬರ್ರಿ, ಆರಿದ್ರ ರುಚಿ ಹೋಗ್ತದ!" ಎಂದು ಕೂಗಿದ. ರಚನಾ ಬೊಗಸೆ ಒಡ್ಡಿದಳು. ಅವಳ ಹಿಂದೆಯೇ ಓಡಿಬಂದ ಮೇಘನಾಳ ರಟ್ಟೆಯನ್ನು ತಾಯಿ ರುಕ್ಮಿಣಿ ಹಿಡಿದೆಳೆದಳು.

"ಬೇಡ ಮಗಾ, ಹೊಟ್ಟೆ ನೋಯ್ತದೆ."

ಉಳಿದ ಮಕ್ಕಳೂ ತಾಯಂದಿರ ಮುಖ ನೋಡುತ್ತ ನಿಂತವು. ಶಂಕರನಾರಾಯಣರು ಕೆಮ್ಮಿ ಹತ್ತಿರ ಬಂದರು, ತೀರಾ ಹತ್ತಿರವಲ್ಲ.

"ತಪ್ಪು ತಿಳಿಯಬೇಡಿ ಮಾರಾಯ್ರೆ. ವರ್ಷಾಂತಿಕ ಆಗಲಿಲ್ಲ ಅಲ್ವಾ? ಸೂತಕದ ಕೈ ಅಂತ ಇವಳಿಗೊಂದು ಶಾಸ್ತ್ರ."

"ಸೂತಕ ಎಂದೋ ಕಳೀತ್ರಿ. ವೈಕುಂಠ ಸಮಾರಾಧನಿ ಊಟಕ್ಕ ನೀವು ಬಂದಿದ್ರ ಗೊತ್ತಾಗ್ತಿತ್ತು," ಎಂದ ಭೀಮಸೇನ. ಧ್ವನಿ ಏರಿತು. "ಶಾಸ್ತ್ರದ ಹೆಸರು ಯಾಕ ಕೆಡಸ್ತೀರಿ? ಪ್ಲೇಗಿಗೆ ಅಂಜೀವಿ ಅಂತ ಬಾಯಿಬಿಟ್ಟು ಹೇಳ್ರಿ! ಅಕಿಗಿದ್ದದ್ದು ಮಲೇರಿಯಾ ರೀ, ಮಲೇರಿಯಾ!"

ಹೆಂಗಸರು ಬುತ್ತಿಯ ಡಬ್ಬಿಗಳನ್ನು ಚೀಲಕ್ಕೆ ತುಂಬತೊಡಗಿದರು. ಒಬ್ಬರು ಟೆಂಪೋ ಡ್ರೈವರನನ್ನು ಕೂಗಿದರು. ಇವರು ಈಗ ಹೊರಟುಬಿಟ್ಟರೆ ಮುಗಿಯಿತು, ಮಗಳಿಗೆ ಈ ಊರಲ್ಲಿ ಇನ್ನು ಒಂದು ನರಪಿಳ್ಳೆಯೂ ಇಲ್ಲ ಎಂದು ಭೀಮಸೇನನಿಗೆ ಅನ್ನಿಸಿತು. ಸಿಟ್ಟು ಜರ್ರನೆ ಇಳಿದುಹೋಯಿತು.

ರಚನಾ ಅವನ ಕಿವಿಯ ಹತ್ತಿರ ಬಗ್ಗಿದಳು. ಅವಳ ಕನ್ನಡದಲ್ಲಿ ಅರ್ಧ ಹಿಂದಿ.

"ಪಪ್ಪಾ, ನೀವು ಕೊಡಬ್ಯಾಡ್ರಿ ನಾ, ಪ್ಲೀಸ್. ವೋ ಅಂಗಡಿ ಅಂಕಲ್ ಕೊಟ್ರ ಅವರು ತಿಂತಾರ. ನೀವು ಥೋಡಾ ದೂರ ಕೂಡ್ರಿ."

ಭೀಮಸೇನ ಮಗಳ ಮುಖ ನೋಡಿದ. ಕಣ್ಣಲ್ಲಿ ನೀರಿಲ್ಲ. ವ್ಯವಹಾರ ತಿಳಿದ ಹೆಂಗಸಿನಂತೆ ಹೇಳುತ್ತಿದ್ದಳು. ಹೆಂಡತಿ ಸತ್ತಾಗಲೂ ಅವನಿಗೆ ಅಷ್ಟು ಸಂಕಟವಾಗಿರಲಿಲ್ಲ. ಕೈಯಲ್ಲಿದ್ದ ಕಾಳನ್ನು ಬೆಂಕಿಗೆ ಸುರಿದು ಎದ್ದ. ಚಪ್ಪರದವನಿಗೆ ಎಲ್ಲರಿಗೂ ಕೊಡಲು ಹೇಳಿ, ಜನರ ಕಡೆ ತಿರುಗಿ ಎರಡೂ ಕೈ ಎತ್ತಿ ತೋರಿಸಿದ.

"ಅವಾ ಕೊಡ್ತಾನ್ರಿ. ನಾ ಮುಟ್ಟಿಲ್ಲ, ನೋಡ್ರಿ, ನಾ ಮುಟ್ಟಿಲ್ಲ."

ನೀರಿನ ಅಂಚಿಗೆ ಹೋಗಿ ಕೂತ. ರುಕ್ಮಿಣಿ ಮಗಳ ರಟ್ಟೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ಮಕ್ಕಳ ಕಿತ್ತಾಟ ಕೇಳಿಸಿತು, ಅದರಲ್ಲಿ ರಚನಾಳ ನಗೆಯೂ ಇತ್ತು. ತಿರುಗಿ ನೋಡಿದರೆ, ಮೇಘನಾಳ ಪಕ್ಕದಲ್ಲೇ ಕೂತು ತಿನ್ನುತ್ತಿದ್ದಾಳೆ. ಬೇಕಾದದ್ದು ಇದೇ ಅಲ್ಲವೇ? ಅವನು ಕಣ್ಣೊರೆಸಿಕೊಂಡು ಏಳಹೋದ. ಅದನ್ನು ಕಂಡ ರಚನಾ ಹೆದರಿ, ಅಲ್ಲೇ ಇರಿ ಎಂದು ದೂರದಿಂದಲೇ ಕೈ ಮಾಡಿದಳು. ಅವನು ಮತ್ತೆ ಕೂತ.